ಕಡ್ಲೆ, ಕಾಯಿ

"ಪದೇ ಪದೇ ಕೇಳ್ತಾಳೆ ಅಂತ ಬೇಜಾರು ಮಾಡ್ಕೋಬೇಡಿ ಸುನಂದ ಅವ್ರೆ," ಎಂದಳು ಮೇಘನ. "ದೋಸೆ ಜೊತೆ ಕೊಡೋ ಯಾವುದ್ರಲ್ಲೂ ಕಡ್ಲೆಕಾಯಿ ಇರಲ್ಲ ತಾನೆ?"

ಮಿನಿ ಬಸ್ಸು ಕೋಲಾರ ಬಿಟ್ಟು ಮುಳಬಾಗಿಲಿನ ಹೆದ್ದಾರಿ ಹಿಡಿದಿತ್ತು. ಡ್ರೈವರ್ ಅಮರನಾಥನ ಸೀಟಿನ ಹಿಂದಿನ ಕಂಬಿ ಹಿಡಿದು ನಿಂತಿದ್ದ ಸುನಂದ, ಅಂತರಗಂಗೆಯಲ್ಲಿ ಬಸವನ ಬಾಯಿಂದ ಬೀಳುವ ನೀರಿನ ಕಥೆಯನ್ನು ಅರ್ಧಕ್ಕೆ ಬಿಟ್ಟು ನಕ್ಕಳು. ಬೆಳಗಿನಿಂದ ಈ ಪ್ರಶ್ನೆ ಬರುತ್ತಲೇ ಇತ್ತು. ಕೋಲಾರದಲ್ಲಿ ಕಾಫಿಗೆ ಇಳಿದಾಗ ಬಂತು. ದೇವಸ್ಥಾನದಲ್ಲಿ ಪುಳಿಯೋಗರೆಯ ದೊನ್ನೆ ಕೈಗೆ ಬಂದಾಗ ಮೇಘನ ಅದನ್ನು ಮೂಗಿನ ಹತ್ತಿರ ಹಿಡಿದು ಮೂಸಿ, ಮಗನಿಗೆ ಕೊಡದೆ, ಪಕ್ಕದವರಿಗೆ ದಾಟಿಸಿದ್ದಳು. ಪ್ರಸಾದವನ್ನು ಮೂಸಿ ನೋಡುವವರನ್ನು ಸುನಂದ ಇದುವರೆಗೆ ಕಂಡಿರಲಿಲ್ಲ. ಉಳಿದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ತುಟಿ ಕಚ್ಚಿದ್ದನ್ನು ಅವಳೂ ಕಂಡಿದ್ದಳು, ಮೇಘನಳೂ ಕಂಡಿದ್ದಳು.

"ಇರಲ್ಲ ಮೇಡಂ," ಎಂದಳು ಸುನಂದ.

"ಸಮಾಧಾನಕ್ಕೆ ಹೇಳ್ಬೇಡಿ. ಹೋದ ವರ್ಷ ಯಾರದೋ ಬರ್ತ್‌ಡೇಲಿ ಒಂದು ತುಂಡು ಚಿಕ್ಕಿ ತಿಂದ. ಮೈ ಕೆರೆತ ಬಂದು ಹೋಗೋದಲ್ಲ ಇದು, ಗಂಟಲೇ ಮುಚ್ಕೊಂಡ್ಬಿಡುತ್ತೆ. ಆಸ್ಪತ್ರೆ ಸೇರೋದು ಇನ್ನೊಂಚೂರು ತಡ ಆಗಿದ್ದಿದ್ರೆ ಇವತ್ತು ಇವನು ಹಿಂಗೆ ಕಿಟಕಿ ಪಕ್ಕ ಕೂತಿರ್ತಿರಲಿಲ್ಲ."

ಮೇಘನ ಇದನ್ನು ಅಳುಮುಖ ಮಾಡಿ ಹೇಳಲಿಲ್ಲ. ಎಷ್ಟೋ ಜನರಿಗೆ ಹೇಳಿ ಹೇಳಿ ರೂಢಿಯಾದವರ ಹಾಗೆ ಹೇಳಿದಳು. ಆರು ವರ್ಷದ ಚೈತನ್ಯ ಇದು ತನ್ನ ಸುದ್ದಿಯೇ ಅಲ್ಲವೆಂಬಂತೆ ರಸ್ತೆ ಬದಿಯ ಬಂಡೆಗಳನ್ನು ನೋಡುತ್ತಿದ್ದ. ಅವನ ಮಣಿಕಟ್ಟು ಬೆಳಗಿನಿಂದ ತಾಯಿಯ ಕೈಯಲ್ಲೇ ಇತ್ತು. ಅವಳ ಸೊಂಟದ ಚೀಲದಲ್ಲಿ ದಪ್ಪ ಪೆನ್ನಿನಂಥ ಇಂಜೆಕ್ಷನ್ ಒಂದಿತ್ತು. ಬಸ್ಸು ಹತ್ತುವಾಗಲೇ ಅದನ್ನು ತೆಗೆದು ಸುನಂದಳಿಗೆ ತೋರಿಸಿ ಒಳಗಿಟ್ಟುಕೊಂಡಿದ್ದಳು.

ಮಗನ ವಿಷಯವನ್ನು ಮೇಘನ ಟೂರಿಗೆ ಹೆಸರು ಕೊಡುವಾಗಲೇ ತಿಳಿಸಿದ್ದಳು. ಅತ್ತೆಗೆ ಹೇಳಬೇಕು ಅಂದುಕೊಂಡ ಸುನಂದ ಹೇಳಿರಲಿಲ್ಲ. ಮರೆತದ್ದಲ್ಲ, ಬಾಯಿ ಬಂದಿರಲಿಲ್ಲ.

ಅತ್ತೆ ಆದಿಲಕ್ಷ್ಮಮ್ಮ ಮುಳಬಾಗಿಲಿನ ಬಸ್‌ಸ್ಟ್ಯಾಂಡಿನ ಹಿಂದೆ ಗಂಡನ ಜೊತೆ ದೋಸೆ ಹೋಟೆಲು ನಡೆಸಿದವಳು. ಗಂಡ ತೀರಿಕೊಂಡ ಮೇಲೆ ಹೋಟೆಲು ಮುಚ್ಚಿತು, ಹೆಂಚು ಅಟ್ಟ ಸೇರಿತು. ಸುನಂದ ಈ ಒಂದು ದಿನದ ಟೂರು ಶುರು ಮಾಡಿದಾಗ ಅದು ಮತ್ತೆ ಕೆಳಗಿಳಿಯಿತು. ಕೋಲಾರದಲ್ಲಿ ದೇವಸ್ಥಾನ, ಬೆಟ್ಟ; ಮುಳಬಾಗಿಲಲ್ಲಿ ಮನೆಯಂಗಳದ ದೋಸೆ; ಶ್ರೀನಿವಾಸಪುರದ ತೋಟದಲ್ಲಿ ಮಾವಿನಹಣ್ಣಿನ ರುಚಿ; ಮಕ್ಕಳು ಮರಿ ಕರಕೊಂಡು ಬನ್ನಿ ಎಂದು ಫೋನಿನಲ್ಲೇ ಜಾಹೀರಾತು. ಹೆಂಚಿನ ಜೊತೆ ಅತ್ತೆಯ ಮೂಗಿನ ತುದಿಯ ಸಿಟ್ಟೂ ಅಟ್ಟದಿಂದ ಇಳಿದು ಬಂದಿತ್ತು. ಹೋದ ಸಲ ಯಾರೋ ಇದು ಫಿಲ್ಟರ್ ನೀರಾ ಎಂದು ಕೇಳಿದ್ದಕ್ಕೆ ಮುದುಕಿ ಸೊಸೆಯ ಜೊತೆ ಮಾತು ಬಿಟ್ಟಿದ್ದಳು. ಅಂಥವಳ ಅಡುಗೆಮನೆಗೆ ಹೋಗಿ ಇದು ಹಾಕಬೇಡಿ, ಅದು ಹಾಕಬೇಡಿ ಎನ್ನುವುದು ಹೇಗೆ? ಹೇಗೂ ಅತ್ತೆ ಪ್ರತಿ ಸಲ ಮಾಡುವುದು ಹುರಿಗಡಲೆ, ತೆಂಗಿನಕಾಯಿಯ ಚಟ್ನಿ. ಹೇಳದಿದ್ದರೂ ನಡೆಯುತ್ತದೆ ಎಂದು ಸುನಂದ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

ಆದರೂ ಮೇಘನಳ ಕಣ್ಣು ತನ್ನ ಮೇಲಿಂದ ಕದಲದೇ ಇದ್ದುದರಿಂದ ಫೋನು ತೆಗೆದಳು. ಕಿಟಕಿಯಿಂದ ಗಾಳಿ ಬಡಿಯುತ್ತಿತ್ತು. ಪಕ್ಕದಲ್ಲಿ ಟೊಮೇಟೊ ಲಾರಿಯೊಂದು ಹಾರ್ನ್ ಒತ್ತಿಕೊಂಡೇ ಬರುತ್ತಿತ್ತು.

"ಅತ್ತೆ, ಹತ್ರ ಬಂದ್ವಿ. ಚಟ್ನಿ ಆಯ್ತಾ? ಏನೇನ್ ಹಾಕಿದ್ದೀರ ಇವತ್ತು?"

ಕಡ್ಲೆಕಾಯಿ ಹಾಕಿದ್ದೀರಾ ಎಂದರೆ ತನಿಖೆ ಮಾಡಿದಂತಾಗುತ್ತದೆ. ಏನೇನು ಹಾಕಿದ್ದೀರ ಎಂದರೆ ಹಸಿದವರು ಕೇಳಿದಂತಿರುತ್ತದೆ. ಈ ವ್ಯತ್ಯಾಸವನ್ನು ಸೊಸೆಯಂದಿರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

"ಆಗೋಯ್ತು ಕಣಮ್ಮ." ಅತ್ತೆಯ ದನಿಯಲ್ಲಿ ಹಿಗ್ಗಿತ್ತು. "ಕಡ್ಲೆ ಕಾಯಿ ಹಸಿಮೆಣಸಿನ್ಕಾಯಿ ಬೆಳ್ಳುಳ್ಳಿ ಒಂಚೂರು ಹುಣಸೆಹಣ್ಣು. ಬನ್ನಿ ಬನ್ನಿ, ಹೆಂಚು ಕಾದೈತೆ."

ಸುನಂದ ಬೆರಳು ಮಡಿಸಿ ಮೇಘನಳಿಗೆ ಒಪ್ಪಿಸಿದಳು. "ಕಡ್ಲೆ, ಕಾಯಿ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು. ಅಷ್ಟೇ ಮೇಡಂ."

"ಕಡ್ಲೆ ಅಂದ್ರೆ?"

"ಹುರಿಗಡ್ಲೆ. ಕಾಯಿ ಅಂದ್ರೆ ತೆಂಗಿನಕಾಯಿ. ನಮ್ ಕಡೆ ಚಟ್ನಿ ಅಂದ್ರೇ ಅದು."

ಬರೆಯುವಾಗ ಕಡ್ಲೆಗೂ ಕಾಯಿಗೂ ನಡುವೆ ಅಲ್ಪವಿರಾಮದ ಒಂದು ಸಣ್ಣ ಗೀಟು ಎಳೆದರೆ ಎರಡು ಪದಾರ್ಥ, ಎಳೆಯದಿದ್ದರೆ ಒಂದೇ. ಮಾತಾಡುವಾಗ ಆ ಗೀಟು ಎಲ್ಲಿ ಕಾಣಬೇಕು? ಕೇಳುವವರು ತಮಗೆ ಬೇಕಾದ ಕಡೆ ಎಳೆದುಕೊಳ್ಳುತ್ತಾರೆ. ಸುನಂದಳಿಗೆ ಬೇಕಾಗಿತ್ತು, ಎಳೆದುಕೊಂಡಳು. ಆದಿಲಕ್ಷ್ಮಮ್ಮ ಹೇಳಿದ್ದು ಒಂದೇ ಪದಾರ್ಥ. ಹಿಂದಿನ ದಿನ ಹೋಳೂರಿನಿಂದ ಅವಳ ತಮ್ಮ ಮುನಿಯಲ್ಲಪ್ಪ ಬೇಸಿಗೆ ಬೆಳೆಯ ಕಡ್ಲೆಕಾಯಿ ಚೀಲವನ್ನು ತಂದು ಇಳಿಸಿ ಹೋಗಿದ್ದ. ಪೇಟೆ ಮಕ್ಕಳು ಹೊಸ ಕಡ್ಲೆಕಾಯಿಯ ರುಚಿ ಎಲ್ಲಿ ಕಂಡಿರುತ್ತವೆ ಎಂದು ಮುದುಕಿ ಕತ್ತಲಿರುವಾಗಲೇ ಎದ್ದು ಸುಲಿದು, ಹುರಿದು, ಕೇರಿ, ಒರಳಲ್ಲಿ ರುಬ್ಬಿದ್ದಳು. ಅಷ್ಟು ಪ್ರೀತಿಯಿಂದ ಅವಳು ಆ ವರ್ಷ ಬೇರೆ ಯಾವ ಚಟ್ನಿಯನ್ನೂ ಮಾಡಿರಲಿಲ್ಲ.

ಅತ್ತೆಯ ಮನೆಯ ಗಲ್ಲಿಗೆ ಬಸ್ಸು ಹಿಡಿಸುತ್ತಿರಲಿಲ್ಲ. ದೊಡ್ಡ ರಸ್ತೆಯಲ್ಲೇ ಇಳಿದು ನಡೆದರು. ಅಂಗಳದಲ್ಲಿ ಹೊಂಗೆ ಮರದ ನೆರಳಿಗೆ ಚಾಪೆ ಹಾಸಿತ್ತು. ಮೂಲೆಯ ಸೌದೆ ಒಲೆಯ ಮೇಲೆ ಆ ಹಳೆಯ ಹೆಂಚು, ಪಕ್ಕದಲ್ಲಿ ಹಿಟ್ಟಿನ ಪಾತ್ರೆ, ತುಪ್ಪದ ಗಿಣ್ಣಲು, ಮುಚ್ಚಳ ಮುಚ್ಚಿದ ಚಟ್ನಿ. ಎಲ್ಲರೂ ಕೂತರು. ಆದಿಲಕ್ಷ್ಮಮ್ಮನ ಕಣ್ಣು ಮೊದಲು ಬಿದ್ದದ್ದೇ ಚೈತನ್ಯನ ಮೇಲೆ.

"ಏಮಿರಾ ನಾಯನಾ, ಇಷ್ಟು ಸಣ್ಣಕಿದ್ದೀಯ? ನಿಮ್ಮಮ್ಮ ಊಟ ಹಾಕಲ್ವಾ?" ಎಂದು ತನ್ನ ತೆಲುಗು ಬೆರೆಸಿ ಗಲ್ಲ ಹಿಡಿದಳು. "ಬಾ, ನಿಂಗೇ ಮೊದಲ್ನೇ ದೋಸೆ."

ಮೇಘನ ಚಟ್ನಿಯ ಪಾತ್ರೆಯ ಕಡೆ ನೋಡಿದಳು. ಕೇಳುವುದಕ್ಕೆ ಬಾಯಿ ತೆರೆದಳು. ಸುನಂದ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ನಾನು ಕೇಳಿದೀನಲ್ಲ ಮೇಡಂ. ವಯಸ್ಸಾದವ್ರು, ಬೇಜಾರು ಮಾಡ್ಕೋತಾರೆ," ಎಂದಳು. ಪಕ್ಕದಲ್ಲಿ ಕೂತಿದ್ದವರೊಬ್ಬರು, "ಮನೆ ಅಡುಗೆ ಕಣ್ರೀ, ಏನಾಗುತ್ತೆ," ಎಂದರು. ಮೇಘನ ಚಟ್ನಿ ಬಡಿಸಿದ ತಟ್ಟೆಯನ್ನು ಮೂಗಿನ ಹತ್ತಿರ ತಂದವಳು ಮುದುಕಿ ತನ್ನನ್ನೇ ನೋಡುತ್ತಿರುವುದು ಕಂಡು ಕೆಳಗಿಟ್ಟಳು. ಹೇಗೂ ಬೆಳ್ಳುಳ್ಳಿಯ ಘಾಟು ಬಿಟ್ಟರೆ ಇನ್ನೇನೂ ಮೂಗಿಗೆ ಹತ್ತುವಂತಿರಲಿಲ್ಲ. ಬೆಳಗಿನಿಂದ ಹಿಡಿದಿದ್ದ ಮಗನ ಕೈಯನ್ನು ಆಗ ಮೊದಲ ಸಲ ಬಿಟ್ಟಳು.

ಸುನಂದ ನೀರು ತರಲು ಹಿತ್ತಲಿಗೆ ಹೋದಳು. ಬಾವಿಕಟ್ಟೆಯ ಮೇಲೆ ಮೊರ ಇತ್ತು. ಗಾಳಿಗೆ ಅದರಿಂದ ತೆಳ್ಳಗಿನ ಕೆಂಪು ಸಿಪ್ಪೆ ಹಾರಿ ಹಾರಿ ಕೊಡದ ನೀರಿನ ಮೇಲೆ ಬೀಳುತ್ತಿತ್ತು. ಯಾವ ಸಿಪ್ಪೆ ಇದು ಎಂದು ಒಂದನ್ನು ಬೆರಳಲ್ಲಿ ತೆಗೆದಳು. ಕಟ್ಟೆಯ ಬುಡದಲ್ಲಿ ಕಡ್ಲೆಕಾಯಿಯ ಹೊಟ್ಟು ಒಂದು ಕುಪ್ಪೆಯಾಗಿ ಬಿದ್ದಿತ್ತು, ಕೋಳಿಯೊಂದು ಅದನ್ನು ಕೆದಕುತ್ತಿತ್ತು. ಸುನಂದಳಿಗೆ ಫೋನಿನಲ್ಲಿ ಕೇಳಿದ ಮಾತು ಇನ್ನೊಂದು ಸಲ ಕೇಳಿಸಿತು, ಈ ಸಲ ನಡುವೆ ಗೀಟು ಇರಲಿಲ್ಲ.

ಕೊಡ ಅಲ್ಲೇ ಬಿತ್ತು. ಅವಳು ಅಂಗಳಕ್ಕೆ ಓಡಿ ಬಂದಾಗ ಚೈತನ್ಯ ದೋಸೆಯ ತುಂಡನ್ನು ಚಟ್ನಿಯಲ್ಲಿ ಅದ್ದಿ ಬಾಯಿಗೆ ತಂದಿದ್ದ. ಅದು ಎರಡನೆಯ ತುಂಡೋ ಮೊದಲನೆಯದೋ ಅವಳಿಗೆ ತಿಳಿಯಲಿಲ್ಲ. ಕೈಗೆ ಹೊಡೆದಳು. ತಟ್ಟೆ ಹಾರಿ ಚಪ್ಪಡಿಯ ಮೇಲೆ ಗಣಗಣ ಸುತ್ತಿ ಬಿತ್ತು, ದೋಸೆ ಮಣ್ಣಿಗೆ ಬಿತ್ತು. ಚೈತನ್ಯ ಜೋರಾಗಿ ಅತ್ತ.

"ಏನೇ ಬಂತು ನಿಂಗೆ?" ಆದಿಲಕ್ಷ್ಮಮ್ಮ ಕೈಯಲ್ಲಿ ಮಗುಚುವ ಕೈ ಹಿಡಿದೇ ಎದ್ದಳು. "ಮಗು ಬಾಯಿಗಿಟ್ಟ ಅನ್ನ ಕಿತ್ತು ಎಸೀತಾರಾ ಯಾರಾದ್ರೂ?"

"ಚಟ್ನಿಗೆ ಕಡ್ಲೆಕಾಯಿ ಹಾಕಿದ್ದೀರಾ ಅತ್ತೆ?"

"ಹಾಕಿದೀನಿ. ನಿಂಗೆ ಫೋನಲ್ಲಿ ಹೇಳ್ಲಿಲ್ವಾ? ಕಡ್ಲೆಕಾಯಿ ಅಂತಾನೇ ಅಂದ್ನಲ್ಲ."

ಮೇಘನ ಅಷ್ಟರಲ್ಲೇ ಮಗನ ಮುಂದೆ ಮೊಣಕಾಲೂರಿದ್ದಳು. ಸೆರಗಿನಿಂದ ಅವನ ತುಟಿ, ನಾಲಿಗೆ, ಬೆರಳು ಎಲ್ಲ ಉಜ್ಜುತ್ತಿದ್ದಳು. "ಚೈತು, ನನ್ ಮುಖ ನೋಡು. ತಿಂದ್ಯಾ? ಒಂದು ಚೂರಾದ್ರೂ ನುಂಗಿದ್ಯಾ?"

ಸುತ್ತ ನಿಂತ ಅಷ್ಟೂ ಜನರನ್ನು ನೋಡಿ ಹುಡುಗ ಹೆದರಿದ. "ಇಲ್ಲ," ಎಂದ.

ಅದು ನಿಜವೋ, ಬೈಗುಳ ತಪ್ಪಿಸಿಕೊಳ್ಳಲು ಹೇಳಿದ್ದೋ ತಾಯಿಗೂ ಗೊತ್ತಾಗಲಿಲ್ಲ. ಇರುವುದು ಒಂದೇ ಇಂಜೆಕ್ಷನ್. ಮೇಘನ ಅದರ ಮುಚ್ಚಳ ತೆಗೆದು ಕೈಯಲ್ಲಿ ಹಿಡಿದು ಮಗನ ಮುಖವನ್ನೇ ನೋಡುತ್ತ ಕೂತಳು. ಯಾರೂ ತಿನ್ನಲಿಲ್ಲ. ಹೆಂಚಿನ ಮೇಲಿದ್ದ ದೋಸೆ ಸೀದು ಹೊಗೆ ಎದ್ದಿತು, ತೆಗೆಯಲು ಯಾರಿಗೂ ತೋಚಲಿಲ್ಲ. ದೇವಸ್ಥಾನದಲ್ಲಿ ತುಟಿ ಕಚ್ಚಿ ನಕ್ಕಿದ್ದ ಹೆಂಗಸರು ತಮ್ಮ ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡಿದ್ದರು.

"ಒಂದು ಕಡ್ಲೆಬೀಜಕ್ಕೆ ಇಷ್ಟೊಂದಾ?" ಆದಿಲಕ್ಷ್ಮಮ್ಮ ಯಾರಿಗೆಂದು ಇಲ್ಲದೆ ಹೇಳಿದಳು. "ಕಡ್ಲೆಕಾಯಿ ತಿನ್ಸೇ ಮಕ್ಕಳನ್ನ ಸಾಕಿರೋದು ನಾವು. ಕಡ್ಲೆಕಾಯಿ ತಿಂದು ಸತ್ತೋರನ್ನ ಈ ಊರಲ್ಲಿ ಯಾರು ಕಂಡಿದ್ದಾರೆ?"

ಆ ಮಾತು ಮುಗಿಯುವಷ್ಟರಲ್ಲಿ ಚೈತನ್ಯ ಕತ್ತು ಕೆರೆದುಕೊಂಡ. ಕೆರೆದ ಕಡೆ ದದ್ದು ಎದ್ದಿತು. ಒಂದು ಸಲ ಕೆಮ್ಮಿದ. ಆಮೇಲಿನ ಕೆಮ್ಮು ಬೇರೆ ತರಹ ಇತ್ತು, ಒಳಗೆ ಏನೋ ಸಿಕ್ಕಿಕೊಂಡ ಹಾಗೆ. ಎಲ್ಲರೂ ನೋಡುತ್ತಿದ್ದಂತೆ ಅವನ ಕೆಳತುಟಿ ದಪ್ಪಗಾಯಿತು. "ಅಮ್ಮ," ಎಂದ, ಆ ದನಿ ಅವನದಾಗಿರಲಿಲ್ಲ.

ಮೇಘನ ಚಡ್ಡಿಯ ಮೇಲಿಂದಲೇ ಅವನ ತೊಡೆಗೆ ಇಂಜೆಕ್ಷನ್ ಒತ್ತಿ ಹಿಡಿದಳು. ಆಮೇಲೆ ಮಗನನ್ನು ಎತ್ತಿಕೊಂಡು ಗಲ್ಲಿಯುದ್ದಕ್ಕೂ ಓಡಿದಳು. ಸುನಂದ ಮುಂದೆ ಓಡಿ ಅಮರನಾಥನನ್ನು ಕೂಗಿದಳು. ಅಮರನಾಥ ಕುಡಿಯುತ್ತಿದ್ದ ಟೀ ಚೆಲ್ಲಿ ಬಸ್ಸು ಹತ್ತಿದ. ಹಾರ್ನಿನ ಮೇಲಿಟ್ಟ ಕೈಯನ್ನು ತಾಲ್ಲೂಕು ಆಸ್ಪತ್ರೆಯ ಗೇಟು ಬರುವ ತನಕ ತೆಗೆಯಲಿಲ್ಲ. ಬಸ್ಸು ಹೊರಟಾಗ ಹಿಂದೆ ತಿರುಗಿ ನೋಡಿದ ಸುನಂದಳಿಗೆ ಕಂಡದ್ದು ಗಲ್ಲಿಯ ಬಾಯಲ್ಲಿ ನಿಂತಿದ್ದ ಅತ್ತೆ. ಹಿಟ್ಟಿನ ಎರಡೂ ಕೈಗಳನ್ನು ಯಾವುದಕ್ಕೂ ತಾಗಬಾರದು ಎಂಬಂತೆ ಮೈಯಿಂದ ದೂರ ಹಿಡಿದು ನಿಂತಿದ್ದಳು.

ಡ್ಯೂಟಿಯಲ್ಲಿದ್ದ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವಳು. ಏನು ತಿಂದ ಎಂದು ಕೇಳಿ, ಉತ್ತರ ಬರುವಷ್ಟರಲ್ಲಿ ಹುಡುಗನಿಗೆ ಮಾಸ್ಕು ಹಾಕಿ, ಕೈಗೆ ಸೂಜಿ ಚುಚ್ಚಿ, ಬಾಗಿಲು ಮುಚ್ಚಿಕೊಂಡಳು. ಸುನಂದ ಹೊರಗಿನ ಬೆಂಚಿನಲ್ಲಿ ಕೂತಳು. ಶ್ರೀನಿವಾಸಪುರದ ತೋಟದಿಂದ ಫೋನು ಬಂತು, ಹಣ್ಣು ಹೆಚ್ಚಿಡಲಾ ಎಂದು. ಬೇಡ ಎಂದು ಇಟ್ಟಳು. ಅತ್ತೆಯ ಅಂಗಳದಲ್ಲಿ ಉಳಿದವರನ್ನು ಊರಿಗೆ ವಾಪಸ್ಸು ಬಿಡುವಂತೆ ಅಮರನಾಥನಿಗೆ ಹೇಳಿದಳು. ಒಳಗಿಂದ ಕೆಮ್ಮು ಕೇಳಿದಾಗಲೆಲ್ಲ ಅವಳಿಗೆ ಜೀವ ಬಂದಂತಾಗುತ್ತಿತ್ತು, ಕೇಳದೇ ಹೋದಾಗ ಎದ್ದು ನಿಲ್ಲುತ್ತಿದ್ದಳು. ಗೊತ್ತಿದ್ದ ದೇವರುಗಳಿಗೆಲ್ಲ ಕೈಮುಗಿದು ಮುಗಿಸಿ ಮತ್ತೆ ಮೊದಲಿಂದ ಶುರು ಮಾಡಿದ್ದಳು.

ಕೊನೆಗೆ ಡಾಕ್ಟರು ಹೊರಬಂದು, "ಸಮಯಕ್ಕೆ ಇಂಜೆಕ್ಷನ್ ಕೊಟ್ಟಿದ್ದು ಒಳ್ಳೇದಾಯ್ತು. ಉಸಿರಾಟ ಸರಿ ಹೋಗಿದೆ. ಆದ್ರೂ ರಾತ್ರಿ ಇಲ್ಲೇ ಇರ್ಲಿ, ಊತ ಮತ್ತೆ ಬರಬಹುದು," ಎಂದು ಹೋದಳು. ಸುನಂದ ಗೋಡೆಗೆ ಒರಗಿ ಅತ್ತಳು. ಡಾಕ್ಟರ ಹಿಂದೆಯೇ ಮೇಘನ ಬಂದದ್ದು ಗೊತ್ತಾಗಲಿಲ್ಲ.

"ಕಡ್ಲೆ, ಕಾಯಿ ಅಂತ ನನಗೆ ಬೆರಳು ಮಡಿಸಿ ಹೇಳಿದ್ರಿ," ಎಂದಳು ಮೇಘನ.

"ನಂಗೆ ಹಂಗೇ ಕೇಳಿಸ್ತು ಮೇಡಂ."

"ಕಡ್ಲೆಕಾಯಿ ಇದ್ಯಾ ಅಂತ ಒಂದೇ ಒಂದು ಮಾತು ಕೇಳ್ಬಹುದಿತ್ತು."

"ಕೇಳ್ಬಹುದಿತ್ತು."

"ಯಾಕೆ ಕೇಳ್ಲಿಲ್ಲ?"

ಸುನಂದ ಕಣ್ಣೊರೆಸಿಕೊಂಡಳು. ಉತ್ತರ ಇತ್ತು, ಆದರೆ ಫಿನಾಯಿಲ್ ವಾಸನೆಯ ಆ ವರಾಂಡದಲ್ಲಿ ಅದನ್ನು ಹೇಳಲು ನಾಚಿಕೆಯಾಯಿತು. "ಅತ್ತೆಗೆ ಬೇಜಾರಾಗುತ್ತೆ ಅಂತ," ಎಂದಳು.

ಮೇಘನ ಬೈಯಬಹುದು, ಪೊಲೀಸು ಅನ್ನಬಹುದು ಎಂದು ಸುನಂದ ಕಾದಳು. ಮೇಘನ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. "ನಾನು ದಿನಾ ಎಲ್ರಿಗೂ ಬೇಜಾರು ಮಾಡ್ತೀನಿ," ಎಂದಳು. "ನಮ್ಮತ್ತೆಗೆ, ಸ್ಕೂಲಲ್ಲಿ, ಮದುವೆ ಮನೇಲಿ. ನಂಗೊಂದು ಹೆಸರಿಟ್ಟಿದ್ದಾರೆ ನಮ್ಮ ನೆಂಟರು, ಮೂಸೋಳು ಅಂತ. ಇವನು ಇನ್ನೂ ಇದಾನೆ ಅಂದ್ರೆ ಅದಕ್ಕೇ ಇರೋದು. ಇವತ್ತೊಂದು ಸಲ ಬೇಡ, ಆ ಅಜ್ಜಿ ಮುಖ ಸಣ್ಣಗಾಗುತ್ತೆ ಅಂತ ನಾನೂ ಸುಮ್ನಾದೆ." ಅವಳ ಕಣ್ಣಲ್ಲಿ ನೀರು ಬರಲಿಲ್ಲ. ಬಂದಿದ್ದರೆ ಸುನಂದಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಆಸ್ಪತ್ರೆಯ ಗೇಟಿನಲ್ಲಿ ಮಾತು ಜೋರಾಯಿತು. ಕಾವಲಿನವನು ಯಾರನ್ನೋ ತಡೆದಿದ್ದ. ಸುನಂದ ಎದ್ದು ನೋಡಿದರೆ ಆದಿಲಕ್ಷ್ಮಮ್ಮ. ಒಂದು ಕಂಕುಳಲ್ಲಿ ಎಳನೀರು, ಇನ್ನೊಂದು ಕೈಯಲ್ಲಿ ಬಿಳಿ ಪಂಚೆಯ ತುಂಡಲ್ಲಿ ಸುತ್ತಿದ ಮಚ್ಚು. ಮಚ್ಚು ಹಿಡಿದು ಆಸ್ಪತ್ರೆಗೆ ಬಿಡುವುದಿಲ್ಲ ಎಂದು ಅವನು, ಎಳನೀರನ್ನು ಹಲ್ಲಲ್ಲಿ ಕೆತ್ತಲಾ ಎಂದು ಅವಳು. ಸುನಂದ ಹೋಗಿ ಹೇಳಿದ ಮೇಲೆ ಬಿಟ್ಟ.

ಅತ್ತೆ ಬೆಳಗಿನ ಸೀರೆಯಲ್ಲಿರಲಿಲ್ಲ. ತಲೆಗೂದಲಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಕೈಗಳು ತಿಕ್ಕಿ ತಿಕ್ಕಿ ಕೆಂಪಾಗಿದ್ದವು. "ಒರಳು, ಹೆಂಚು, ಅಂಗಳ ಎಲ್ಲ ತೊಳ್ದೆ," ಎಂದಳು ಸೊಸೆಗೆ. "ಮುನಿಯಲ್ಲಪ್ಪನ ಚೀಲ ಅವನಿಗೇ ವಾಪಸ್ ಕಳಿಸ್ದೆ." ಆಮೇಲೆ, "ನಮ್ ಮಾತಲ್ಲಿ ಚೆನಕ್ಕಾಯ ಅಂದಿದ್ರೆ ನಿಂಗೆ ಗೊತ್ತಾಗ್ತಿತ್ತು. ನಿಂಗೆ ಅನುಕೂಲ ಆಗ್ಲಿ ಅಂತ ಕನ್ನಡದಲ್ಲಿ ಹೇಳ್ದೆ ಕಣಮ್ಮ," ಎಂದಳು. ಮದುವೆಯಾಗಿ ಬಂದಾಗ ತನಗೆ ತೆಲುಗು ಬರುವುದಿಲ್ಲವೆಂದು ಅತ್ತೆ ಮನೆಯ ಮಾತನ್ನೇ ಬದಲಾಯಿಸಿಕೊಂಡದ್ದು ಸುನಂದಳಿಗೆ ಎಷ್ಟೋ ವರ್ಷಗಳ ಮೇಲೆ ಈಗ ನೆನಪಾಯಿತು.

ವರಾಂಡದ ಮೆಟ್ಟಿಲ ತನಕ ಬಂದ ಆದಿಲಕ್ಷ್ಮಮ್ಮ ಅಲ್ಲೇ ನಿಂತಳು. ಮೇಲೆ ಮೇಘನ ನಿಂತಿದ್ದಳು.

"ಮೇಲೆ ಬರಲ್ಲ ತಾಯಿ," ಎಂದಳು ಮುದುಕಿ. "ತಲೆ ಮೇಲೆ ನೀರು ಹಾಕ್ಕೊಂಡೇ ಬಂದಿದೀನಿ. ಆದ್ರೂ ಬೇಡ. ಮಗು ಹೆಂಗೈತೆ?"

"ಎದ್ದಿದಾನೆ."

"ಬೆಳಿಗ್ಗೆಯಿಂದ ಹೊಟ್ಟೇಲೇನೂ ಇಲ್ಲ ಅದಕ್ಕೆ. ಗಂಜಿ ತರೋಣ ಅಂದ್ಕೊಂಡೆ, ಕೈ ಬರ್ಲಿಲ್ಲ. ಇದನ್ನ ಈಗ ನಾನೇ ನಿಂತು ಮರದಿಂದ ಇಳಿಸ್ದೆ. ಒಳಗಡೆಗೆ ಯಾರ ಕೈಯೂ ಸೋಕಿಲ್ಲ." ಎಳನೀರನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದಳು. "ಕಾಯಿ," ಎಂದು ನಿಲ್ಲಿಸಿದಳು. ಆ ಮಾತು ಸಾಲದೆನ್ನಿಸಿತೇನೋ, "ತೆಂಗಿನಕಾಯಿ," ಎಂದಳು. ಮತ್ತೆ, "ಟೆಂಕಾಯ. ಇನ್ನೇನೂ ಇಲ್ಲಮ್ಮ ಇದ್ರಲ್ಲಿ."

ಮೇಘನ ಎಳನೀರನ್ನು ನೋಡಿದಳು. ಪಂಚೆಯ ತುಂಡನ್ನು ನೋಡಿದಳು. "ಮಚ್ಚು ತೊಳೆದಿದ್ದೀರಾ?" ಎಂದಳು.

ಸುನಂದಳಿಗೆ ಅತ್ತೆಯ ಮುಖ ನೋಡುವ ಧೈರ್ಯ ಆಗಲಿಲ್ಲ.

"ತೊಳ್ದೆ. ಬೂದಿ ಹಾಕಿ ಉಜ್ಜಿ, ಆಮೇಲೆ ಸೋಪಲ್ಲಿ."

"ಇನ್ನೊಂದ್ಸಲ ತೊಳೀತೀರಾ ಅಜ್ಜಿ? ನಾನು ನೋಡ್ಬೇಕು."

"ತೊಳೀತೀನಿ ತಾಯಿ. ನೋಡು," ಎಂದಳು ಆದಿಲಕ್ಷ್ಮಮ್ಮ.

ಎಳನೀರನ್ನು ಮೆಟ್ಟಿಲ ಮೇಲಿಟ್ಟು ಕಾಂಪೌಂಡಿನ ನಲ್ಲಿಯ ಹತ್ತಿರ ಹೋದಳು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕೂತು, ನಲ್ಲಿ ಪೂರ್ತಿ ತಿರುಗಿಸಿದಳು. ಮೇಘನ ಮೆಟ್ಟಿಲಿಳಿದು ಎಳನೀರನ್ನು ಎತ್ತಿ ಎದೆಗಾನಿಸಿಕೊಂಡು ನಿಂತು ನೋಡಿದಳು. ಒಳಗಿನಿಂದ ಇನ್ನೂ ಒಡೆದಂತಿದ್ದ ಸಣ್ಣ ದನಿಯೊಂದು, "ಅಮ್ಮಾ, ಸ್ಟ್ರಾ ಇದ್ಯಾ ಕೇಳು," ಎಂದಿತು. ಆದಿಲಕ್ಷ್ಮಮ್ಮ ಮಚ್ಚನ್ನು ಮೇಘನಳಿಗೆ ಕಾಣುವ ಹಾಗೆ ತಿರುಗಿಸಿ, ಇನ್ನೊಂದು ಮಗ್ಗುಲನ್ನು ನೀರಿಗೆ ಹಿಡಿದಳು.